ಬುತ್ತಿ ಕಟ್ಟುವ ಮಾತು

ಸಾವಳಗಿಯ ಬೀಗರ ಪಡಸಾಲೆಯಲ್ಲಿ, ಎಲೆ-ಅಡಿಕೆಯ ತಟ್ಟೆ ನಡುವೆ ಇಟ್ಟುಕೊಂಡು ಕುಳಿತಾಗ, ಗುರುಬಸವ್ವ ಒಂದು ಮಾತು ಕೊಟ್ಟಿದ್ದಳು. ಮಗ ಗೌರೀಶನಿಗೆ ಹೆಣ್ಣು ನೋಡಲು ಹೋದ ದಿನ ಅದು. ಹುಡುಗಿ ಮಧುಮತಿ ಪದವಿ ಮುಗಿಸಿದ್ದಳು, ನೌಕರಿ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಬನಹಟ್ಟಿಯ ಮಗ್ಗದ ಮನೆಗೆ ಕೊಟ್ಟರೆ ಮಗಳು ನೌಕರಿ ಎಲ್ಲಿ ಮಾಡಿಯಾಳು, ಒಲೆ ಮುಂದೆಯೇ ಹೊತ್ತು ಹೋದೀತು ಎಂದು ಅವಳ ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಸಂಕೋಚದಿಂದಲೇ ಹೇಳಿದಳು. ಗುರುಬಸವ್ವ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಗೆ ಸರಿಸಿದಳು.

"ನೌಕರಿ ಮಾಡೂ ತನಕ ಅಕಿ ಬುತ್ತಿ ನಾ ಕಟ್ಟತೇನ್ರಿ. ನನ್ನ ಕೈಲೇ ಬಡದ ರೊಟ್ಟಿ ಕಟ್ಟತೇನಿ. ಒಲಿ ಮುಂದ ನಿಂತು ಬಸ್ ತಪ್ಪಸ್ಕೊಳ್ಳೂ ಪಾಳಿ ನಮ್ಮ ಮನ್ಯಾಗ ಅಕಿಗೆ ಬರೂದಿಲ್ಲ."

ಪಕ್ಕದಲ್ಲಿದ್ದ ಗಂಡ ಚನಮಲ್ಲಪ್ಪ ಕೆಮ್ಮಿದ. ಊರಿಗೆ ತಿರುಗಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಆಡಿದ. ಬುತ್ತಿ ಕಟ್ಟುತ್ತೇನೆ ಅಂದಿದ್ದರೆ ಸಾಕಿತ್ತು, ರೊಟ್ಟಿಯನ್ನೂ ನನ್ನ ಕೈಯಿಂದಲೇ ಬಡಿಯುತ್ತೇನೆ ಅನ್ನುವುದು ಯಾಕೆ ಬೇಕಿತ್ತು, ಮಾತು ಕೊಡುವಾಗ ಅರಿವೆ ಅಳೆದಂತೆ ನೋಡಿ ಹರಿಯಬೇಕು ಎಂದ. ಗುರುಬಸವ್ವ ಬಸ್ಸಿನ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕುಳಿತಳು.

ಕೊಟ್ಟ ಮಾತನ್ನು ಅವಳು ನಡೆಸಿದಳು, ಇಲ್ಲ ಅನ್ನುವಂತಿಲ್ಲ. ಮದುವೆಯಾದ ಮರುವರ್ಷ ಮಧುಮತಿಗೆ ಮುಧೋಳದಾಚೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಏಜೆನ್ಸಿಯ ಮೂಲಕ, ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಯಾರ ಹೊಲಕ್ಕೆ ಕಟಾವಿನ ಗ್ಯಾಂಗು ಯಾವತ್ತು ಬರುತ್ತದೆ, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ರೈತರಿಗೆ ಫೋನ್ ಮಾಡಿ ಹೇಳುವುದು, ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು. ಅಂದಿನಿಂದ ನಸುಕಿನಲ್ಲಿ ಗುರುಬಸವ್ವನ ಕೈ ಹಿಟ್ಟಿನ ಮೇಲೆ ಬೀಳುವ ಪಟಪಟ ಸಪ್ಪಳ ತಪ್ಪಿದ್ದಿಲ್ಲ. ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಸಣ್ಣ ಡಬ್ಬಿಯಲ್ಲಿ ಮೊಸರು. ಆ ಬುತ್ತಿಗೆ ಕಾರ್ಖಾನೆಯಲ್ಲಿ ಹೆಸರೇ ಆಗಿತ್ತು. ಮಧುಮತಿಯ ಗೆಳತಿ ಕಾವೇರಿಯಂತೂ ತನ್ನ ಮನೆಯ ಚಪಾತಿ ಅವಳಿಗೆ ದಾಟಿಸಿ ಈ ರೊಟ್ಟಿಯನ್ನು ತಾನು ತಿನ್ನುತ್ತಿದ್ದಳು.

ಈ ಸಲ ಕಬ್ಬು ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಕಾರ್ಖಾನೆಯ ಆಫೀಸಿನ ಮಾಳಿಗೆ ಸೋರಿ ರಿಪೇರಿಗೆ ಬಂತು. ಪರ್ಮನೆಂಟ್ ಮಂದಿಗೆ ತೂಕದ ಮನೆಯಲ್ಲಿ ಟೇಬಲ್ ಹಾಕಿದರು. ಕಾಂಟ್ರಾಕ್ಟ್ ಮಂದಿಗೆ ಜಾಗ ಸಾಲಲಿಲ್ಲ. ಮನೆಯಲ್ಲೇ ಕುಳಿತು ಮಾಡಿರಿ ಎಂದು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಎಲ್ಲಿಯವರೆಗೆ ಎಂದು ಕೇಳಿದರೆ, ಮುಂದೆ ಹೇಳುತ್ತೇವೆ ಎಂದರು.

ಮಧುಮತಿ ಹೆಗಲಿಗೆ ಕಪ್ಪು ಚೀಲ ಹಾಕಿಕೊಂಡು ಬಂದು ಸುದ್ದಿ ಹೇಳಿದಾಗ ಮನೆಯಲ್ಲಿ ಹಬ್ಬವೇ ಆಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬೈಕಿನಲ್ಲಿ ಬಿಡುವ ಕೆಲಸ ತಪ್ಪಿತೆಂದು ಗೌರೀಶನಿಗೆ ಖುಷಿ. ಸಾಲಿಯಿಂದ ಬರುವಾಗ ಅವ್ವ ಮನೆಯಲ್ಲಿರುತ್ತಾಳೆಂದು ಮೊಮ್ಮಗಳು ಐಶ್ವರ್ಯಳಿಗೆ ಖುಷಿ. ಚನಮಲ್ಲಪ್ಪನಿಗೆ ಮಾತ್ರ ನಗು.

"ನಲವತ್ತ ವರ್ಷ ಆತು, ನಾನೂ ಮನ್ಯಾಗ ಕುಂತ ಕೆಲಸ ಮಾಡಾಕತ್ತೇನಿ. ನನಗ ಒಬ್ಬರೂ ಚೀಲ ಕೊಡಲಿಲ್ಲ ನೋಡು."

ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಗುರುಬಸವ್ವನಿಗೆ. ಯಾಕೆಂದು ಅವಳು ಯಾರಿಗೂ ಹೇಳಲಿಲ್ಲ. ದಸರೆಯಿಂದೀಚೆಗೆ ಅವಳ ಬಲಗೈಯ ಮಣಿಕಟ್ಟು ಕೈಕೊಟ್ಟಿತ್ತು. ರೊಟ್ಟಿ ಬಡಿಯಲು ಅಂಗೈ ಎತ್ತಿ ಹಾಕಿದರೆ ಮೊಣಕೈವರೆಗೂ ಸೂಜಿ ಎಳೆದಂತಾಗುತ್ತಿತ್ತು. ಎಣ್ಣೆಯ ಬಟ್ಟೆ ಕಟ್ಟಿಕೊಂಡು, ಕೇಳಿದವರಿಗೆ ಹಂಚು ತಾಗಿತೆಂದು ಹೇಳುತ್ತಿದ್ದಳು. ಹೀಗಾಗಿ ಮರುದಿನ ಮುಂಜಾನೆ ಮಧುಮತಿ ಬಂದು, ಹೇಗೂ ಮನೆಯಲ್ಲಿರುತ್ತೇನಲ್ಲ, ರೊಟ್ಟಿ ನಾನು ಬಡಿಯುತ್ತೇನೆ ತಗೋರಿ ಎಂದಾಗ, ಗುರುಬಸವ್ವ ಬೇಡವೆಂದು ಒಂದೇ ಸಲ ಹೇಳಿದಳು, ಎರಡನೆಯ ಸಲ ಹೇಳಲಿಲ್ಲ. ಒಲೆಯ ಮುಂದಿನ ಮಣೆ ಬಿಟ್ಟು ಎದ್ದಳು. ಬಸ್ಸೇ ಇಲ್ಲ ಅಂದಮೇಲೆ ಬುತ್ತಿ ಇಲ್ಲ, ಬುತ್ತಿ ಇಲ್ಲ ಅಂದಮೇಲೆ ಮಾತು ಮುರಿದಂತೆಯೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊದಲ ವಾರ ಚೆನ್ನಾಗಿ ನಡೆಯಿತು. ಮಧುಮತಿ ಒಳಖೋಲಿಯಲ್ಲಿ ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ ಕೂರುತ್ತಿದ್ದಳು. ಎರಡನೆಯ ವಾರದಿಂದ ಒಂದೊಂದೇ ಕೆಲಸ ಅವಳನ್ನು ಹುಡುಕಿಕೊಂಡು ಬರತೊಡಗಿತು. ಗ್ಯಾಸಿನವನು ಬಂದ, ಮಧು. ಹಾಲು ಉಕ್ಕುತ್ತದೆ ನೋಡು, ಮಧು. ಕಂಡಿಕಿ ಕೊಳವೆಗೆ ನೂಲು ಸುತ್ತುವ ಹೆಣ್ಣುಮಗಳು ಬರಲಿಲ್ಲ, ಹೊಕ್ಕಿನ ನೂಲು ತೀರಿ ಮಗ್ಗ ಕಾಯುತ್ತವೆ, ಒಂದು ತಾಸು ಸುತ್ತಿಕೊಡು. ಅದು ಮುಗಿಯುವುದರಲ್ಲಿ ಓಣಿಯ ಮಂದಿ. ಪಕ್ಕದ ಮನೆಯ ಕೆಂಪವ್ವ ಆಧಾರ್ ಕಾರ್ಡು ಹಿಡಿದುಕೊಂಡು ಬಂದು, ಹೇಗೂ ಕಂಪ್ಯೂಟರ್ ಮುಂದೆ ಖಾಲಿ ಕುಳಿತಿದ್ದೀಯಲ್ಲ, ಇದರಲ್ಲಿ ನನ್ನ ಗಂಡನ ಹೆಸರು ಸರಿ ಮಾಡಿಕೊಡವ್ವ ಎಂದು ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಅವಳಿಗೆ ಚಹಾ ಮಾಡಿಕೊಡುವ ಕೆಲಸವೂ ಮಧುಮತಿಗೇ ಬಂತು.

ಕೂಗುವವರಲ್ಲಿ ಗುರುಬಸವ್ವನೂ ಇದ್ದಳು. ಸೊಸೆ ಕಣ್ಣೆದುರಿಗೆ ಇರುವಾಗ ಕೂಗದೆ ಇರುವುದು ಅವಳ ಬಾಯಿಗೆ ಗೊತ್ತಿರಲಿಲ್ಲ.

ಕೆಲಸಗಳನ್ನಾದರೂ ಹೇಗೋ ತೂಗಿಸಬಹುದಿತ್ತು. ತೂಗಿಸಲಾಗದ್ದು ಸಪ್ಪಳ. ಮನೆಯ ಮುಂಭಾಗದಲ್ಲಿ ನಾಲ್ಕು ಕರೆಂಟಿನ ಮಗ್ಗ. ಅಪ್ಪ-ಮಗ ಬೆಳಿಗ್ಗೆ ಹಚ್ಚಿದರೆ ಊಟದ ಹೊತ್ತಿಗೂ ಒಂದೆರಡು ಓಡುತ್ತಲೇ ಇರುತ್ತಿದ್ದವು. ಆ ಖಟ್ ಖಟ್ ಸದ್ದು ಮನೆಮಂದಿಯ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಫೋನಿನಾಚೆಯ ರೈತರ ಕಿವಿಗೆ ಮಾತ್ರ ಅದು ಬೀಳುತ್ತಿತ್ತು. ಹಿಪ್ಪರಗಿಯ ಮುದಕಪ್ಪ ಎಂಬ ರೈತ ಒಂದು ದಿನ, ತಂಗಿ, ನೀ ಯಾವ ಟ್ರ್ಯಾಕ್ಟರ್ ಮೇಲೆ ಕುಳಿತು ಮಾತಾಡುತ್ತೀ, ಮೊದಲು ಅದರಿಂದ ಇಳಿ, ಆಮೇಲೆ ನನ್ನ ಕಬ್ಬಿನ ಮಾತು ಹೇಳು ಎಂದ. ಅವನು ನಗುತ್ತಾ ಅಂದ. ಉಳಿದವರು ನಗಲಿಲ್ಲ, ದೂರು ಕೊಟ್ಟರು.

ಏಜೆನ್ಸಿಯ ಸೂಪರ್‌ವೈಸರ್ ದುರಗೇಶ ಫೋನ್ ಮಾಡಿದ. ಅವನೇನು ಕೆಟ್ಟವನಲ್ಲ. ಆದರೆ ಹೇಳಬೇಕಾದ್ದನ್ನು ಹೇಳಿದ. ಬರುವ ಗುರುವಾರ ತಾನೇ ಲೈನಿನಲ್ಲಿ ಕುಳಿತು ಒಬ್ಬೊಬ್ಬರ ಮಾತು ಕೇಳುತ್ತೇನೆ. ರಿಪೇರಿ ಮುಗಿದ ಮೇಲೆ ಆಫೀಸಿನಲ್ಲಿ ಕುರ್ಚಿಗಳು ಮೊದಲಿನಷ್ಟು ಇರುವುದಿಲ್ಲ. ಯಾರ ಮೇಲೆ ದೂರು ಇದೆಯೋ ಅವರನ್ನು ಮುಂದಿನ ಹಂಗಾಮಿಗೆ ತೆಗೆದುಕೊಳ್ಳುವುದು ತನ್ನ ಕೈಯಲ್ಲಿಲ್ಲ ಎಂದ.

ಅಂದು ಊಟಕ್ಕೆ ಕುಳಿತಾಗ ಮಧುಮತಿ ವಿಷಯ ತೆಗೆದಳು. ಗುರುವಾರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮಗ್ಗ ನಿಲ್ಲಿಸಬೇಕು.

ಚನಮಲ್ಲಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ. ಅಮಾಸಿ ಬಿಟ್ಟರೆ ತನ್ನ ಮಗ್ಗ ಹಗಲು ಹೊತ್ತಿನಲ್ಲಿ ನಿಂತಿಲ್ಲ, ರಬಕವಿಯ ಸಾವುಕಾರರಿಗೆ ಶನಿವಾರ ಸೀರೆ ಕೊಡುವುದಿದೆ, ಅದೂ ಅಲ್ಲದೆ ನಡೆಯುವ ಮಗ್ಗ ಕಾರಣವಿಲ್ಲದೆ ನಿಲ್ಲಿಸುವುದು ಅಪಶಕುನ ಎಂದ.

"ಕಾರಣ ಐತೆಲ್ಲೋ ಯಪ್ಪಾ. ಅಕಿ ನೌಕರಿ ಹೋಗತೈತಿ," ಎಂದ ಗೌರೀಶ.

"ನೌಕರಿ ಮನಿಗೆ ತಂದವರು ಯಾರು? ನಾ ಎಂದಾರ ಮಗ್ಗ ಹೊತಗೊಂಡ ಅಕಿ ಆಫೀಸಿಗೆ ಹೋಗೇನೇನು?"

ಐಶ್ವರ್ಯ ನಕ್ಕಳು. ಮುತ್ಯಾ ಮಗ್ಗ ಹೊತ್ತು ಬಸ್ ಹತ್ತಿದರೆ ಕಂಡಕ್ಟರ್ ಲಗೇಜಿನ ಟಿಕೀಟು ಹರಿಯುತ್ತಾನೆ ಎಂದಳು. ಮಧುಮತಿ ಮಾತ್ರ ನಗಲಿಲ್ಲ, ತಾಟಿನಲ್ಲಿದ್ದ ರೊಟ್ಟಿಯನ್ನು ಚೂರುಚೂರು ಮಾಡುತ್ತಾ ಕುಳಿತಳು. ಅದನ್ನು ಕಂಡು ಗುರುಬಸವ್ವ ಗಂಡನ ತಾಟಿಗೆ ಇನ್ನೊಂದು ಸೌಟು ಬೇಳೆ ಸುರುವಿದಳು.

"ಗುರುವಾರ ನಿಲ್ಲಸ್ರಿ ಅಂದ್ರ ನಿಲ್ಲಸ್ರಿ. ಒಂದ ಹೊತ್ತ ಮಗ್ಗ ನಿಂತ್ರ ಹೊಳಿ ಬತ್ತೂದಿಲ್ಲ."

ಗುರುವಾರ ಬಂತು. ದುರಗೇಶ ಲೈನಿಗೆ ಬರುವ ಹೊತ್ತಿಗೆ ಗೌರೀಶ ಸ್ವಿಚ್ ತೆಗೆದ. ಮನೆ ಎಷ್ಟು ಸುಮ್ಮನಾಯಿತೆಂದರೆ ಗುರುಬಸವ್ವನಿಗೆ ತನ್ನ ಬಳೆಯ ಸದ್ದೇ ಪರಕೀಯವಾಗಿ ಕೇಳಿತು. ಗೌರೀಶ ಸಿಕ್ಕಿದ್ದೇ ಬಿಡುವೆಂದು ನೂಲು ತರಲು ರಬಕವಿಗೆ ಹೋದ. ಚನಮಲ್ಲಪ್ಪನಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಂಗಳಕ್ಕೆ ಹೋದ, ಬಂದ, ಕೊನೆಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ನೊಣ ಕಾಡುತ್ತವೆಂದು ಬಿಳಿ ಧೋತರವನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ. ಜನ್ಮದಲ್ಲಿ ಹಗಲು ಮಲಗಿದವನಲ್ಲ. ಮಲಗಿದ್ದೇ ತಡ, ಕಣ್ಣು ಹತ್ತಿದವು.

ಬನಹಟ್ಟಿಯ ಮಗ್ಗದ ಓಣಿಯಲ್ಲಿ ಕರೆಂಟ್ ಹೋದರೆ ಎಲ್ಲ ಮನೆಗಳೂ ಕೂಡಿಯೇ ಸುಮ್ಮನಾಗುತ್ತವೆ. ಸುತ್ತ ಎಲ್ಲ ಮಗ್ಗ ಓಡುತ್ತಿದ್ದು ಒಂದೇ ಮನೆ ಸುಮ್ಮನಾಯಿತೆಂದರೆ ಅದರ ಅರ್ಥ ಬೇರೆ. ಆ ಮನೆಯಲ್ಲಿ ಯಾರೋ ತೀರಿಹೋಗಿದ್ದಾರೆ ಎಂದೇ ಓಣಿ ತಿಳಿಯುತ್ತದೆ. ಕೆಂಪವ್ವ ತನ್ನ ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಕಿವಿಗೊಟ್ಟಳು. ಬಲ್ಬು ನೋಡಿದಳು, ಉರಿಯುತ್ತಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದು ಪಡಸಾಲೆಗೆ ಇಣುಕಿದಳು. ಬಿಳಿ ಧೋತರ ಹೊದ್ದು, ಮುಖ ಮುಚ್ಚಿಕೊಂಡು, ಹಿರಿಯ ಉದ್ದಕ್ಕೆ ಮಲಗಿದ್ದ.

ಕೆಂಪವ್ವ ಅಳು ತೆಗೆದಳೆಂದರೆ ಆಚೆ ಓಣಿಯವರೆಗೂ ಕೇಳಬೇಕು. ಸತ್ತವರ ಗುಣ ಎತ್ತಿ ಆಡಿ ಅಳುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಎಂಥಾ ಹಿರಿಯಾ ನೀ, ಓಣಿಗೆ ದೊಡ್ಡ ಮರ ಇದ್ದಂಗ ಇದ್ದಿ ಎಂದು ಶುರು ಮಾಡಿದಳು. ಕೇಳಿದವರು ಕೇಳಿದಂತೆ ಬಂದರು. ಅಂಗಳ ತುಂಬಿತು. ಜಮಖಂಡಿಯ ನೆಂಟರಿಗೆ ಫೋನ್ ಹೋಯಿತು. ಯಾರೋ ವಿಭೂತಿ ತರಲು ಓಡಿದರು.

ಚನಮಲ್ಲಪ್ಪನಿಗೆ ಮೊದಲ ಕೂಗಿಗೇ ಎಚ್ಚರವಾಗಿತ್ತು. ಅವನು ಏಳಲಿಲ್ಲ. ನಲವತ್ತು ವರ್ಷದಲ್ಲಿ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ನಿನ್ನ ಸೀರಿ ಉಟ್ಟವರು ನೂರು ಊರಾಗ ಅದಾರೋ ಎಂದು ಕೆಂಪವ್ವ ಅತ್ತಾಗ ಧೋತರದೊಳಗೇ ಕಿವಿ ನಿಮಿರಿಸಿದ. ಎಲ್ಲ ಮುಗಿದ ಮೇಲೆ ಏಳೋಣವೆಂದು ಮಲಗಿಯೇ ಇದ್ದ.

"ಎಂದೂ ಒಬ್ಬರಿಗೆ ಸಿಟ್ಟಲೆ ಮಾತಾಡ್ಲಿಲ್ಲೋ ಯಪ್ಪಾ," ಎಂದಳು ಕೆಂಪವ್ವ.

ಸಪ್ಪಳಕ್ಕೆ ಹಿತ್ತಲಿನಿಂದ ಬಂದು ನಿಂತಿದ್ದ ಗುರುಬಸವ್ವನ ಕೈಯಲ್ಲಿ ಸೋಸಿದ ಮೆಂತ್ಯಪಲ್ಯೆದ ಬುಟ್ಟಿ ಹಾಗೇ ಇತ್ತು.

"ಯಾರು, ಇವರೇನು?" ಎಂದಳು.

ಧೋತರ ನಕ್ಕು ಅಲುಗಿತು. ಮುಂದೆ ನಿಂತವರು ಹಿಂದೆ ಸರಿದರು. ಚನಮಲ್ಲಪ್ಪ ಎದ್ದು ಕುಳಿತು, ಮುಂದೆ ಹೇಳು ಕೆಂಪವ್ವ, ನಡುವ ಬಿಡಬ್ಯಾಡ ಎಂದ. ಕೆಂಪವ್ವ ಅವನನ್ನು ಹಾಡಿ ಹೊಗಳಿದ ಅದೇ ಬಾಯಿಂದ, ಬಂದ ಅಳುವನ್ನು ತಿರುಗಿ ಒಳಗೆ ತಗೊಳ್ಳಲಾಗದ ಸಿಟ್ಟಿನಲ್ಲಿ, ಅರ್ಧ ತಾಸು ಬೈದಳು. ಆಮೇಲೆ ಅಂಗಳ ತುಂಬಿದ್ದವರಿಗೆಲ್ಲ ಚಹಾ ಆಯಿತು.

ಒಳಖೋಲಿಯಲ್ಲಿ ಮಧುಮತಿ ಹಿಪ್ಪರಗಿಯ ಅದೇ ಮುದಕಪ್ಪನ ಜೊತೆ ಮಾತಿನಲ್ಲಿದ್ದಳು. ಅಳು ಕೇಳಿದ ಮುದಕಪ್ಪ, ನನ್ನ ಕಬ್ಬು ನಾಳೆ ನೋಡಿದರಾಯಿತು, ನೀ ಮೊದಲು ಹೊರಗೆ ಹೋಗು ತಂಗಿ, ಧೈರ್ಯ ತಗೋ ಎಂದು ಫೋನ್ ಇಟ್ಟ. ಇಟ್ಟ ಮರುಗಳಿಗೆ ದುರಗೇಶನ ಫೋನ್. ಅವನ ದನಿ ಮೆತ್ತಗಾಗಿತ್ತು.

"ಮೇಡಂ, ದಿವಸದ ಕಾರ್ಯಾ ಮುಗಿಯೂ ತನಕ ಕೆಲಸದ ಚಿಂತಿ ಮಾಡಬ್ಯಾಡ್ರಿ."

"ಯಾರೂ ಸತ್ತಿಲ್ಲರಿ ಸರ್."

"ಮತ್ತ ಆ ಅಳು?"

"ಮಗ್ಗ ನಿಂತಾವಂತ ಅತ್ತಾರ್ರಿ."

ದುರಗೇಶ ರಾಯಚೂರು ಕಡೆಯವನು. ಅವನಿಗೆ ಇದನ್ನು ತಿಳಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಎಷ್ಟು ನಕ್ಕನೆಂದರೆ ಹೆಡ್‌ಫೋನಿನ ಹೊರಗೂ ಕೇಳಿತು. ನಗು ನಿಂತ ಮೇಲೆ ಕೆಲಸದ ಮಾತಿಗೆ ಬಂದ. ನಿಮ್ಮ ಮನೆಗೆ ಈ ಕೆಲಸ ಒಗ್ಗುವುದಿಲ್ಲ, ಮಗ್ಗ ನಡೆದರೂ ತ್ರಾಸು, ನಿಂತರೂ ತ್ರಾಸು. ದೂರೆಲ್ಲ ಮಗ್ಗದ ಸಪ್ಪಳದ್ದು, ನಿಮ್ಮ ಮಾತಿನದಲ್ಲ ಎಂದು ಮೇಲಿನವರಿಗೆ ಹೇಳುತ್ತೇನೆ. ಆಫೀಸಿನ ರಿಪೇರಿಯೂ ಮುಗಿದಿದೆ, ಒಂದು ಕುರ್ಚಿ ಖಾಲಿ ಇದೆ. ಸೋಮವಾರದಿಂದ ಮೊದಲ ಬಸ್ಸಿಗೆ ಬರುವುದಾದರೆ ಅದು ನಿಮ್ಮದು, ಮುಂದಿನ ಹಂಗಾಮಿಗೂ ಹೆಸರು ಉಳಿಯುತ್ತದೆ. ಮನೆಯಲ್ಲೇ ಇರುತ್ತೇನೆಂದರೆ ಈ ಹಂಗಾಮು ಮುಗಿಯುವವರೆಗೆ ಮಾತ್ರ. ನಾಡಿದ್ದು ಹೇಳಿರಿ ಎಂದ.

ಸಂಜೆಯ ಊಟದಲ್ಲಿ ಮನೆ ಎರಡು ಭಾಗವಾಯಿತು. ಮಾಳಿಗೆಯ ಮೇಲೆ ತಗಡಿನ ಖೋಲಿ ಹಾಕಿಕೊಡುತ್ತೇನೆ, ಅಲ್ಲಿ ಸಪ್ಪಳ ಬರುವುದಿಲ್ಲ, ಇವಳು ದಿನಾ ಅಷ್ಟು ದೂರ ಯಾಕೆ ಸಾಯಬೇಕು ಎಂದ ಗೌರೀಶ. ತಗಡಿನ ಕೆಳಗೆ ಬೇಸಿಗೆಯಲ್ಲಿ ಅವ್ವ ಹಪ್ಪಳ ಆಗುತ್ತಾಳೆ ಎಂದಳು ಐಶ್ವರ್ಯ. ತನ್ನ ಗುಣಗಾನ ಕೇಳಿ ಇಡೀ ದಿನ ಹಿಗ್ಗಿನಲ್ಲಿದ್ದ ಚನಮಲ್ಲಪ್ಪ ಸೊಸೆ ಆಫೀಸಿಗೆ ಹೋಗುವ ಕಡೆಗಾದ. ಬಸ್ಸಂತೂ ಹೆಂಗಸರಿಗೆ ಪುಕ್ಕಟೆ, ಹೋಗಲಿ ಬಿಡು, ಮನೆಯಲ್ಲಿ ಕುಳಿತು ಕೆಲಸ ಮಾಡುವುದು ಏನೆಂಬುದು ನನಗೆ ಗೊತ್ತು ಎಂದ. ಎಲ್ಲರೂ ಮಧುಮತಿಯ ಕಡೆ ನೋಡಿದರು. ಅವಳು ಅತ್ತೆಯ ಕಡೆ ನೋಡಿ, ತಾನು ಮನೆಯಲ್ಲೇ ಇರುತ್ತೇನೆ ಎಂದಳು. ಅಂದವಳೇ ಎದ್ದು ತಾಟು ಒಯ್ದಳು.

ಗುರುಬಸವ್ವನಿಗೆ ಮೊದಲು ಹಾಯೆನಿಸಿತು. ಆಮೇಲೆ ಊಟ ರುಚಿಸಲಿಲ್ಲ. ಅಡುಗೆಮನೆಗೆ ಹೋಗಿ ಸೊಸೆಯ ಹಿಂದೆ ನಿಂತಳು.

"ಖರೆ ಹೇಳು. ಯಾಕ ಒಲ್ಲೆ ಅಂದಿ?"

ಮಧುಮತಿ ನಳ ನಿಲ್ಲಿಸಿದಳು. "ನಿಮ್ಮ ಕೈ ನಾ ನೋಡಿಲ್ಲ ಅಂತ ತಿಳದೀರೇನ್ರಿ ಅತ್ತಿ? ನಾ ಬಸ್ಸಿಗೆ ಹೊಂಟ್ರ ನೀವು ನಸುಕಿನ್ಯಾಗ ಎದ್ದು ಆ ಕೈಲೇ ಬಡದಬಡದ ಕಟ್ಟತೀರಿ. ಬ್ಯಾಡ ಅಂದ್ರ ಕೇಳೂ ಪೈಕಿ ಅಲ್ಲ ನೀವು."

ಗುರುಬಸವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾತು ತಪ್ಪಿಸಲು ಬಾಯಿಗೆ ಬಂದದ್ದನ್ನು ಕೇಳಿದಳು.

"ಆ ಬಸ್ಸಿನ್ಯಾಗ ಅಂಥಾದ್ದೇನೈತಿ?"

"ಏನಿಲ್ಲರಿ. ಕಾವೇರಿ ಸೀಟ್ ಹಿಡದಿರ್ತಾಳ. ಮಹಾಲಿಂಗಪುರ ದಾಟಿದ್ರ ಕಿಡಕಿಗೆ ತಲಿ ಹಚ್ಚಿ ಮಲಗತೇನಿ." ಮಧುಮತಿ ತಾಟು ಒರೆಸಿ ಗೂಡಿನಲ್ಲಿಟ್ಟಳು. "ಬಸ್ಸಿನ್ಯಾಗ ನನ್ನ ಯಾರೂ ಕರಿಯೂದಿಲ್ಲರಿ."

ಅವಳು ಸಿಟ್ಟಿನಿಂದ ಅಂದಿರಲಿಲ್ಲ. ಹೊತ್ತಾಯಿತು, ದೀಪ ಹಚ್ಚಬೇಕು ಎನ್ನುವ ಹಾಗೆ ಅಂದಳು. ಗುರುಬಸವ್ವ ಗಟ್ಟಿ ಮುಚ್ಚಿದ್ದ ಹಿಟ್ಟಿನ ಡಬ್ಬಿಯನ್ನೇ ಮತ್ತೊಮ್ಮೆ ಮುಚ್ಚಿ ಹೊರಗೆ ಬಂದಳು.

ಶುಕ್ರವಾರ ಅವಳು ತಲೆತುಂಬ ಸೆರಗು ಹೊದ್ದು ಸರಿತಾಳ ಮನೆಗೆ ಹೋದಳು. ಆಚೆ ಓಣಿಯ ಸರಿತಾ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಮಾಡಿ ಮಾರುತ್ತಿದ್ದಳು. ದುಡ್ಡು ಕೊಟ್ಟು ರೊಟ್ಟಿ ತರುವ ಮನೆಯಲ್ಲಿ ಹೆಂಗಸರು ಏನು ಮಾಡುತ್ತಾರೆ ಎಂದು ಇದುವರೆಗೆ ಓಣಿಯಲ್ಲೆಲ್ಲ ಆಡಿಕೊಂಡು ಬಂದವಳು ಗುರುಬಸವ್ವನೇ. ಸೆರಗು ಎಷ್ಟು ಎಳೆದುಕೊಂಡರೂ ಸರಿತಾ ನಡಿಗೆಯಿಂದಲೇ ಗುರುತು ಹಿಡಿದಳು.

"ಬರ್ರಿ ಗುರುಬಸಕ್ಕಾ. ದಾರಿ ತಪ್ಪಿ ಬಂದ್ರೇನು?"

"ದಾರಿ ತಪ್ಪಿಲ್ಲ. ಕೈ ತಪ್ಪೈತಿ," ಎಂದಳು ಗುರುಬಸವ್ವ.

ಒಲೆಗಳ ಮುಂದಿದ್ದವರೆಲ್ಲ ನಕ್ಕರು. ಅವಳು ರೊಟ್ಟಿಯನ್ನು ಬೆಳಕಿಗೆ ಹಿಡಿದಳು, ಅಂಚು ಮುರಿದಳು, ಬಾಯಿಗೆ ಹಾಕಿಕೊಂಡಳು. ನೀರು ಬಿಸಿಯಾಗಿಲ್ಲ, ಅಂಚು ದಪ್ಪ, ಜೋಳ ಹಳೆಯದು ಎಂದು ಮೂರು ಕೊರತೆ ತೆಗೆದಳು. ಆಮೇಲೆ ಸೋಮವಾರದಿಂದ ದಿನಾ ನಸುಕಿನಲ್ಲಿ ಮನೆಗೆ ಮುಟ್ಟಿಸಬೇಕೆಂದು ಗೊತ್ತು ಮಾಡಿದಳು. ಬರುವಾಗ ಪರೀಕ್ಷೆಗೆಂದು ಒಂದಿಷ್ಟು ತಂದು, ಹೇಳದೆ ಕೇಳದೆ ಮಧ್ಯಾಹ್ನ ಗಂಡನಿಗೆ ಬಡಿಸಿದಳು. ಚನಮಲ್ಲಪ್ಪ ಮೂರು ಉಂಡು, ಇವತ್ತ ರೊಟ್ಟಿ ಭಾಳ ಛಲೋ ಆಗ್ಯಾವ ಎಂದ. ಸಂಜೆಯವರೆಗೂ ಅವಳು ಅವನ ಜೊತೆ ಮಾತಾಡಲಿಲ್ಲ. ತಾನು ಮಾಡಿದ ತಪ್ಪೇನೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಅಂದೇ ಮನೆಮಂದಿಯನ್ನು ಕೂರಿಸಿ ಹೇಳಿದಳು. ಮಧು ಸೋಮವಾರದಿಂದ ಬಸ್ಸಿಗೆ ಹೋಗುತ್ತಾಳೆ. ರೊಟ್ಟಿ ಹೊರಗಿನಿಂದ ಬರುತ್ತದೆ. ಝುಣಕ ತಾನು ಮಾಡುತ್ತೇನೆ, ಅದಕ್ಕೆ ಉಳ್ಳಾಗಡ್ಡಿ ಹೆಚ್ಚಿಕೊಡುವ ಕೆಲಸ ಗೌರೀಶನದು. ಕೆಂಪವ್ವನ ಆಧಾರ್ ಕಾರ್ಡು ರವಿವಾರ ಮಾತ್ರ. ಮಗ ಬಾಯಿ ತೆರೆದದ್ದು ನೋಡಿ, ಕಣ್ಣೀರು ಬಂದರೆ ನೀರಿನಲ್ಲಿ ನೆನೆಸಿ ಹೆಚ್ಚು ಎಂದಳು. ಮಧುಮತಿ ಏನೋ ಹೇಳಹೋದಳು. ಗುರುಬಸವ್ವ ಕೇಳಿಸಿಕೊಳ್ಳದೆ, ದುರಗೇಶನಿಗೆ ಫೋನ್ ಹಚ್ಚು ಎಂದಳು.

ಸೋಮವಾರ ನಸುಕಿನಲ್ಲಿ ಗೌರೀಶ ಮೂಗು ಒರೆಸಿಕೊಳ್ಳುತ್ತಾ ಉಳ್ಳಾಗಡ್ಡಿ ಹೆಚ್ಚಿದ. ಸರಿತಾಳ ಮನೆಯಿಂದ ರೊಟ್ಟಿ ಬಂದವು, ಇನ್ನೂ ಬಿಸಿಯಿದ್ದವು, ಅಂಚು ತೆಳ್ಳಗಾಗಿತ್ತು. ಗುರುಬಸವ್ವ ಎಡಗೈಯಿಂದ ಬುತ್ತಿಯ ಗಂಟು ಬಿಗಿದು ಸೊಸೆಯ ಕೈಗೆ ಕೊಟ್ಟಳು. ಮಧುಮತಿ ಗಂಟಿನ ಮೇಲೆ ಕೈ ಇಟ್ಟು ನಿಂತಳು.

"ರೊಟ್ಟಿ ಯಾರು ಬಡೀತಾರ ಅಂತ ಅವ್ವ ಸಾವಳಗಿಯಿಂದ ಕೇಳಿದ್ರ ಏನ್ ಹೇಳ್ಲಿರಿ?"

"ಇದ್ದದ್ದ ಹೇಳು. ಹೋಗು, ಬಸ್ ಬರತೈತಿ."

ಗೌರೀಶ ಬೈಕ್ ಹಚ್ಚಿದ. ಒಳಗೆ ಚನಮಲ್ಲಪ್ಪ ಮಗ್ಗ ಹಚ್ಚಿದ. ಹನ್ನೊಂದು ವರ್ಷದ ಹಿಂದೆ ಬೀಗರ ಪಡಸಾಲೆಯಲ್ಲಿ ಗುರುಬಸವ್ವ ಕೊಟ್ಟ ಮಾತು ಅವತ್ತು ಮುರಿಯಿತು. ಮಧುಮತಿಗೆ ಮೊದಲ ಬಸ್ ಸಿಕ್ಕಿತು.